ಹಗೇವಿನ ಮೇಲೆ ಕೂತ ಮಾಸ್ತರರು

ನಮ್ಮ ಇಂಗ್ಲಿಷ್ ಮಾಸ್ತರರ ಬಲಗೈಯಲ್ಲಿ, ಹೆಬ್ಬೆರಳಿನ ಬುಡಕ್ಕೆ, ನೇಗಿಲು ಹಿಡಿದವರ ಕೈಯಲ್ಲಿರುವಂಥ ಜಡ್ಡು ಇತ್ತು. ಅವರು ನೇಗಿಲು ಮುಟ್ಟಿದವರಲ್ಲ. ಹುಣಸೆಯ ಛಡಿ ಹಿಡಿದು ಹಿಡಿದು ಬಿದ್ದ ಜಡ್ಡು ಅದು. ಅಂಗೈ ಚಾಚಿ ನಿಂತ ನಮಗೆ ಅವರ ಮುಖಕ್ಕಿಂತ ಅದೇ ಹತ್ತಿರದಿಂದ ಕಾಣುತ್ತಿತ್ತು.

ನಿಜಾಮರ ಆಳಿಕೆಯ ಕೊನೆಯ ವರ್ಷಗಳು. ಕುಷ್ಟಗಿಯ ಸಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ, ಇಂಗ್ಲಿಷಿಗೆ ಮಾತ್ರ ಇವರು. ಸಾಲೆ ಬಿಟ್ಟ ಮೇಲೆ ತಮ್ಮ ಬಾಡಿಗೆ ಮನೆಯ ಅಂಗಳದಲ್ಲಿ ನಮ್ಮನ್ನು ಮತ್ತೆ ಕೂಡಿಸುತ್ತಿದ್ದರು. ಹೆಂಡತಿ ಮಕ್ಕಳಿರಲಿಲ್ಲ. ಅಂಗಳದ ನಡುವೆ ಮನೆಯೊಡೆಯರ ಹಗೇವು ಇತ್ತು. ನೆಲದೊಳಗೆ ಬಾವಿಯಂತೆ ತೋಡಿ ಜೋಳ ತುಂಬುವ ಗುಳಿ ಅದು; ಆಗ ಬರಿದಾಗಿತ್ತು. ಅದರ ಬಾಯಿಗೆ ಮುಚ್ಚಿದ ಚಪ್ಪಡಿಯೇ ಮಾಸ್ತರರ ಕುರ್ಚಿ.

ಹೊತ್ತು ಹೇಳುವ ಇಂಗ್ಲಿಷ್ ಮಾತುಗಳೆಂದರೆ ಅವರಿಗೆ ಹುಚ್ಚು. ಕನ್ನಡದ ಅರ್ಥ ಹೇಳಿದರೆ ಒಪ್ಪುತ್ತಿರಲಿಲ್ಲ.

"ಅರ್ಥ ಬ್ಯಾಡ, ಹೊತ್ತು ತೋರಸು," ಎನ್ನುತ್ತಿದ್ದರು. "ಎ ಮೊಮೆಂಟ್ ಅಂದ್ರ ಹಂಚಿನ ಮ್ಯಾಲಿನ ರೊಟ್ಟಿ ಮಗ್ಗಲಾ ಬದಲಿಸೂವಷ್ಟು. ಎ ವೈಲ್ ಅಂದ್ರ ಎತ್ತಿಗೆ ನೀರು ಕುಡಿಸಿ ಬರೂವಷ್ಟು. ಫೋರ್ಟ್‌ನೈಟ್ ಅಂದ್ರ ಅಮಾಸಿ ಹೋಗಿ ಹುಣ್ಣಿಮಿ ಬರೂವಷ್ಟು." ಆಮೇಲೆ ಛಡಿ ಎತ್ತಿ, ಯಾರದಾದರೂ ಬೆನ್ನಿನ ಮೇಲೆ ಸುಯ್ ಎಂದು ಇಳಿಸಿ, "ಇದು ಇನ್ ನೋ ಟೈಮ್. ತಿಳೀತಿಲ್ಲೋ?" ಬೆನ್ನಿನ ಬಾಸುಂಡೆ ಮಾಯುವ ತನಕ ಆ ಮಾತು ಮರೆಯುತ್ತಿರಲಿಲ್ಲ.

ಅವರಿಂದ ಎಲ್ಲರಿಗಿಂತ ಹೆಚ್ಚು ಹೊಡೆತ ತಿಂದವನು ನನ್ನ ಅಣ್ಣ. ಒಮ್ಮೆ ಅವನು ಬೇಕೆಂತಲೇ ಕೇಳಿದ:

"ಸರ್, ಲೈಫ್‌ಟೈಮ್ ಅಂದ್ರ ಎಷ್ಟೊತ್ತು ರೀ? ತೋರಸ್ರಿ."

ಹುಡುಗರು ನಕ್ಕರು. ಛಡಿ ಬಿದ್ದ ರಭಸಕ್ಕೆ ಅಣ್ಣನ ಕಿರುಬೆರಳು ಮುರಿಯಿತು. ಬಿದಿರಿನ ಚಕ್ಕೆ ಇಟ್ಟು ಬಟ್ಟೆ ಸುತ್ತಿದವರೂ ಅವರೇ. ಸುತ್ತುವಾಗಲೂ ಬೈಗುಳ ನಿಲ್ಲಲಿಲ್ಲ. "ಅದನ್ನ ಪೂರಾ ಅಳದವ ಹೊಳ್ಳಿ ಬಂದು ಹೇಳ್ಯಾನೇನಲೇ, ಮಂಗ್ಯಾ?" ಬೆರಳು ಡೊಂಕಾಗಿಯೇ ಕೂಡಿಕೊಂಡಿತು.

ಆಮೇಲೆ ಊರುಗಳಿಗೆ ನಿಜಾಮರ ಕಡೆಯ ಬಂದೂಕಿನ ದಂಡು ಬೀಳುವ ಕಾಲ ಬಂತು. ತಾವರಗೇರಾ ಕಡೆಯಿಂದ ಹೊಗೆ ಕಂಡರೆ ಕುಷ್ಟಗಿಯಲ್ಲಿ ಹೆಂಗಸರು ಒಲೆ ಆರಿಸಿ ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದರು. ಅಣ್ಣ ಸಾಲೆ ಬಿಟ್ಟು, ನಿಜಾಮರ ವಿರುದ್ಧ ಹೋರಾಡುವವರ ಗಡಿಯಾಚೆಯ ಶಿಬಿರ ಸೇರಿದ. ಅಲ್ಲಿಯವರ ಜೊತೆ ಬಂದು ಸುಂಕದ ನಾಕೆಗೆ ಬೆಂಕಿ ಇಟ್ಟ. ಹೊಳ್ಳಿ ಹೋಗುವ ದಾರಿ ಕಟ್ಟಾದಾಗ, ನಮ್ಮ ಮನೆಯ ಮೇಲೆ ದಂಡಿನವರ ಕಣ್ಣಿದ್ದುದರಿಂದ, ಅವನು ಹೊಕ್ಕದ್ದು ಮಾಸ್ತರರ ಮನೆ. ಬೆಳಿಗ್ಗೆ ಬುತ್ತಿ ಒಯ್ದ ನಾನೂ ಅಲ್ಲಿದ್ದೆ. ಓಣಿಯಲ್ಲಿ ಬೂಟಿನ ಸದ್ದು ಕೇಳಿತು.

"ನಾಕೆ ಸುಡಾಕ ಬರ್ತೈತಿ, ಅಡಗಾಕ ಬರೂದಿಲ್ಲೇನಲೇ? ಇಳೀರಿ ಇಬ್ರೂ!" ಎಂದು ಮಾಸ್ತರರು ನಮ್ಮನ್ನು ಹಗೇವಿನೊಳಗೆ ದಬ್ಬಿದರು. ಉಸಿರಿಗೆಂದು ಒಂದು ಬಿರುಕು ಬಿಟ್ಟು ಚಪ್ಪಡಿ ಎಳೆದರು, ಮೇಲೆ ಜೋಳದ ಒಣ ದಂಟಿನ ಕಣಕಿ ಹರವಿದರು, ಪುಸ್ತಕ ಹಿಡಿದು ಕೂತರು.

ಬಂದವರಲ್ಲಿ ನಮ್ಮ ಸೀಮೆಯ ಮಾತಿನವರೂ ಇದ್ದರು.

"ಎಲ್ಲದಾನ ನಿನ್ನ ಶಿಷ್ಯ?"

"ಸಾಲಿ ಬಿಟ್ಟವರನ್ನ ನಾ ಕಾಯಂಗಿಲ್ಲ."

ಬಂದೂಕಿನ ಹಿಡಿ ಬಿದ್ದ ಸದ್ದು ನೆಲದ ಮೂಲಕ ನಮ್ಮ ಎದೆಗೆ ಬಂತು. ಮತ್ತೆ ಬಿತ್ತು.

"ಹೊಡಿಯೂ ಕೈ ಯಾವುದೋ ನಿಂದು? ಈ ಜಡ್ಡಿಂದನ?"

ಬೂಟು ತುಳಿದಾಗ ಎಲುಬುಗಳು ಒಣ ದಂಟಿನಂತೆ ಪಟಪಟನೆ ಮುರಿದವು. ಮಾಸ್ತರರು ಚೀರಿದರು. ಕತ್ತಲಲ್ಲಿ ಅಣ್ಣ ಗೋಡೆಯ ಮೆಟ್ಟುಗುಳಿಗೆ ಕಾಲಿಟ್ಟ. ನಾನು ಅವನ ಸೊಂಟ ತಬ್ಬಿದೆ.

"ಬಿಡೋ ತಮ್ಮಾ, ಕೊಲ್ಲಾಕ ಹತ್ಯಾರ ಅವರನ್ನ," ಎಂದು ಅವನು ಪಿಸುಗುಟ್ಟಿದ.

ಆಗ ಮೇಲಿನಿಂದ, ತರಗತಿಯಲ್ಲಿ ಕೇಳುತ್ತಿದ್ದ ಅದೇ ದನಿ ಬಂತು. "ನಾಟ್ ಯೆಟ್! ನಾಟ್ ಯೆಟ್!" ಈಗಲೇ ಅಲ್ಲ ಎಂದು ನಮಗೆ ಹೇಳುತ್ತಿದ್ದರು. ಅಣ್ಣ ಕಲ್ಲಾಗಿ ನಿಂತ.

"ಏನಂತಾನಲೇ ಇಂವಾ?"

"ಪಾಠಾ ಒಪ್ಪಸ್ತಾನ್ರಿ. ತಲಿ ಕೆಟ್ಟೈತಿ."

"ಇಂಗ್ಲಿಷ್ ಮಾಸ್ತರ ಅಲ್ಲೇನು, ದೇವರನ್ನೂ ಇಂಗ್ಲಿಷಿನ್ಯಾಗ ಕರೀತಾನ!"

ನಗು. ಮತ್ತೆ ಹೊಡೆತ. ಪ್ರತಿ ಹೊಡೆತಕ್ಕೂ ಮಾಸ್ತರರು ಒಂದೊಂದು ಇಂಗ್ಲಿಷ್ ಮಾತು ಕೂಗಿದರು. ಅಣ್ಣನ ಕಾಲು ಅಲುಗಿದಾಗಲೆಲ್ಲ ಸರಿಯಾಗಿ "ನಾಟ್ ಯೆಟ್" ಬರುತ್ತಿತ್ತು, ಅವನನ್ನು ಕಂಡವರಂತೆ. ಕೊನೆಗೆ ನಾಯಕನ ದನಿ: "ಇಬ್ರು ಈ ಬಾಗಲದಾಗ ನಿಲ್ರಿ. ಸಂಜಿಮಟ ಯಾರ ಬರ್ತಾರ ನೋಡ್ರಿ." ಅದು ನಮಗೆ ಕೇಳಿಸಿತೋ ಇಲ್ಲವೋ ಎಂದು ಮಾಸ್ತರರಿಗೆ ಗೊತ್ತಿರಲಿಲ್ಲ. ರಕ್ತ ತುಂಬಿದ ಬಾಯಿಂದಲೇ ಕೂಗಿದರು: "ಅಂಟಿಲ್ ಸನ್‌ಸೆಟ್!"

ಆಮೇಲೆ ದನಿ ಇಲ್ಲ.

ಹೊತ್ತು ಮುಳುಗುವ ತನಕ. ಅದನ್ನು ಯಾವುದರಿಂದ ಅಳೆಯುವುದು ಎಂದು ಅವರು ಎಂದೂ ಹೇಳಿರಲಿಲ್ಲ. ಬಿರುಕಿನಿಂದ ಬೆಚ್ಚಗೆ ಹನಿ ಬಿದ್ದು ಅಣ್ಣನ ಹೆಗಲ ಮೇಲೆ ತಣ್ಣಗಾಯಿತು, ಮತ್ತೆ ಬಿತ್ತು. ಉಸಿರು ಕಟ್ಟುತ್ತಿತ್ತು. ಬಿರುಕಿನ ಬೆಳಕು ಹಳದಿಯಾಯಿತು, ಕೆಂಪಾಯಿತು, ಬೂದಿಯಾಯಿತು. ಮೇಲೆ ಸಾಯುತ್ತಿರುವವರನ್ನು ಬಿಟ್ಟು ಅವರ ಮಾತನ್ನು ಪಾಲಿಸುತ್ತ ನಿಂತೆವು. ಅಷ್ಟು ಕಠಿಣ ಪಾಠ ನಾನು ಮತ್ತೆ ಕಲಿತಿಲ್ಲ.

ಕಾವಲಿನ ಬೂಟುಗಳು ದೂರವಾದ ಮೇಲೆ ಚಪ್ಪಡಿಗೆ ಹೆಗಲು ಕೊಟ್ಟೆವು. ಅದರ ಮೇಲಿನ ಭಾರ ಕಣಕಿಯದಲ್ಲ ಎಂದು ಇಬ್ಬರಿಗೂ ತಿಳಿಯಿತು. ಮಾಸ್ತರರು ಅಡ್ಡ ಬಿದ್ದಿದ್ದರು. ಕಣ್ಣು ತೆರೆದಿತ್ತು.

"ಮುಳುಗಿತೇನು?"

"ಮುಳುಗಿತ್ರಿ," ಎಂದ ಅಣ್ಣ.

"ಇಂಗ್ಲಿಷಿನ್ಯಾಗ ಹೇಳಲೇ."

ಅಣ್ಣ ಅಳುತ್ತ, "ದಿ ಸನ್ ಹ್ಯಾಸ್ ಸೆಟ್, ಸರ್," ಎಂದ.

"ಛಲೋ. ಇನ್ನ ಓಡು. ಇನ್ ನೋ ಟೈಮ್." ಜಜ್ಜಿದ ಬಲಗೈ ಸ್ವಲ್ಪ ಮೇಲೆದ್ದಿತು, ಛಡಿ ಎತ್ತುವಂತೆ.

ಅಣ್ಣ ಓಡಿದ, ಗಡಿ ದಾಟಿದ. ಮಾಸ್ತರರು ನನ್ನ ತೊಡೆಯ ಮೇಲೆ ಜೀವ ಬಿಟ್ಟರು. ಹೊಡೆದ ಕೈಯೆಂದು ಎಷ್ಟೋ ಸಲ ಶಪಿಸಿದ್ದ ಆ ಕೈಯನ್ನು ತಣ್ಣಗಾಗುವ ತನಕ ಹಿಡಿದುಕೊಂಡಿದ್ದೆ.

ಅಣ್ಣ ಹೊಳ್ಳಿ ಬಂದ. ಒಕ್ಕಲುತನ ಮಾಡಿದ, ಮದುವೆಯಾದ, ಮೊಮ್ಮಕ್ಕಳ ಮದುವೆಯನ್ನೂ ಮಾಡಿದ. ಯಾರಾದರೂ ಆ ದಿನದ ಸುದ್ದಿ ತೆಗೆದರೆ ಎದ್ದು ಹೊರಗೆ ಹೋಗುತ್ತಿದ್ದ. ಹೋದ ತಿಂಗಳು ಅವನು ತೀರಿಕೊಂಡ. ಮೈ ತೊಳೆಯುವಾಗ ಕೈಗಳನ್ನು ಎದೆಯ ಮೇಲೆ ಜೋಡಿಸಿದರು. ಡೊಂಕು ಕಿರುಬೆರಳು ಮಾತ್ರ ಜೋಡಿಸಿದಲ್ಲಿ ನಿಲ್ಲಲಿಲ್ಲ. ಅವನ ಮೊಮ್ಮಗ ಅದನ್ನು ನೆಟ್ಟಗೆ ಮಾಡಲು ಹೋದ.

"ಇರಲಿ ಬಿಡಪಾ," ಎಂದೆ ನಾನು.

ಲೈಫ್‌ಟೈಮ್ ಅಂದರೆ ಎಷ್ಟು ಹೊತ್ತು ಎಂದು ಅಂದು ಅವನು ಕೇಳಿದ್ದ ಮಾತಿಗೆ ಮಾಸ್ತರರು ಹೊತ್ತು ತೋರಿಸಿ ಮುಗಿಸಿದ್ದರು.