ಶನಿವಾರ ಕಟ್ಟಿಹಾಕಿದ ನಾಯಿ

ನಾಯಿಯನ್ನು ಹೊರಗೆ ಕಟ್ಟಿಹಾಕಿ ಅಂಗಡಿಗೆ ಹೋಗಬಹುದೇ ಎಂಬ ವಿಷಯದಲ್ಲಿ ನನಗೂ ನನ್ನ ಗಂಡನಿಗೂ ಯಾವತ್ತೂ ಒಮ್ಮತವಿರಲಿಲ್ಲ. ಕಟ್ಟಬಾರದು ಎನ್ನುವುದು ಅವರ ಮಾತು. ಕಟ್ಟದೆ ಸೊಂಟದ ಮೇಲೆ ಎತ್ತಿಕೊಂಡು ಹೋಗಲೇ ಎನ್ನುವುದು ನನ್ನದು. ಅವರು ಪೀಣ್ಯದಲ್ಲಿ ತಗಡು ಒತ್ತುವ ಒಂದು ಪ್ರೆಸ್ ಶಾಪಿನಲ್ಲಿ ಕೆಲಸ ಮಾಡುತ್ತಾರೆ. ಭಾನುವಾರ ಬಿಟ್ಟರೆ ಹಗಲು ಹೊತ್ತು ಮನೆಯಲ್ಲಿರುವುದಿಲ್ಲ. ಮನೆಯಲ್ಲಿರದವರಿಗೆ ಮನೆಯ ವಿಷಯದಲ್ಲಿ ಅಭಿಪ್ರಾಯಗಳು ಸಲೀಸಾಗಿ ಬರುತ್ತವೆ.

ನಾನು ಗಾರ್ಮೆಂಟ್ಸ್ ಕೆಲಸ ಬಿಟ್ಟ ಮೇಲೆ ಲಗ್ಗೆರೆಯ ಬಾಡಿಗೆ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಾಯಿ ಮಷೀನಿನ ಪಕ್ಕದಲ್ಲಿ, ನನ್ನ ಕಾಲು ತಾಗದಷ್ಟು ದೂರದಲ್ಲಿ ಮಲಗುತ್ತಿತ್ತು. ಮರಿಯಾಗಿದ್ದಾಗ ಗಂಡ ಅದನ್ನು ಕಾರ್ಖಾನೆಯ ಗೇಟಿನಿಂದ ಊಟದ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಅದಕ್ಕೊಂದು ಹೆಸರೂ ಇತ್ತು; ಕರೆದರೆ ಬರುತ್ತಿರಲಿಲ್ಲವಾದ್ದರಿಂದ ಇಲ್ಲಿ ಹೇಳಿ ಪ್ರಯೋಜನವಿಲ್ಲ. ಬಣ್ಣ ಕಪ್ಪು. ಕರಿ ನಾಯಿಗಳಿಗೆ ಸಾಮಾನ್ಯವಾಗಿ ಎದೆಯಲ್ಲೋ ಪಾದದಲ್ಲೋ ಒಂದಿಷ್ಟು ಬಿಳಿ ಇರುತ್ತದೆ. ಇದಕ್ಕೆ ಒಂದು ಬಿಳಿ ಕೂದಲೂ ಇರಲಿಲ್ಲ. ಗಮನಿಸಿದ್ದೆ, ಆದರೆ ಅದಕ್ಕೊಂದು ಬೆಲೆಯಿದೆ ಎಂದು ನನಗೆ ಗೊತ್ತಿರಲಿಲ್ಲ.

ಕೆಳಗಿನ ಮನೆಯಲ್ಲಿ ಓನರ್ ಇದ್ದಾರೆ. ಇಲ್ಲಿನ ಹಳೇ ಊರಿನವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಬೆಳೆಯುತ್ತಾರೆ. ನಾಯಿ ಸಾಕುವುದಕ್ಕೆ ಅವರ ತಕರಾರಿರಲಿಲ್ಲ. ಒಂಟಿಯಾಗಿ ಬಿಟ್ಟಾಗ ಅದು ಊಳಿಡಬಾರದು, ಅಷ್ಟೇ. ನಾಯಿ ಊಳಿಟ್ಟ ಮನೆಯಲ್ಲಿ ಒಂದು ತಲೆ ಹೋಗುತ್ತದೆ ಎಂದು ಅವರು ನಂಬಿದ್ದರು, ಮನೆಯಲ್ಲಿ ಎಲ್ಲರಿಗಿಂತ ದೊಡ್ಡ ತಲೆ ಅವರದೇ ಆಗಿತ್ತು. ನಮ್ಮ ನಾಯಿಯೋ ಬಾಗಿಲಿಗೆ ಬೀಗ ಬಿದ್ದ ಸದ್ದಿಗೇ ರಾಗ ಎಳೆಯುತ್ತಿತ್ತು. ಹಾಗಾಗಿ ನಾನು ಹೊರಟಲ್ಲಿಗೆ ಅದೂ ಹೊರಡಬೇಕು.

ಶನಿವಾರ ನನ್ನ ಓಡಾಟದ ದಿನ. ಲೈನಿಂಗ್ ಬಟ್ಟೆ, ದಾರ, ಹುಕ್ಕು ತರಬೇಕು, ರಾಗಿ ಬೀಸಿಸಬೇಕು, ತರಕಾರಿ ಕೊಳ್ಳಬೇಕು. ಮಿಲ್ಲಿನವರು ನಾಯಿಯನ್ನು ಒಳಗೆ ಬಿಡುವುದಿಲ್ಲ, ಬಟ್ಟೆ ಅಂಗಡಿಯ ಮಾತಂತೂ ದೂರವೇ ಉಳಿಯಿತು. ಮುಖ್ಯರಸ್ತೆಯ ತಿರುವಿನಲ್ಲಿ ಶನಿಮಹಾತ್ಮನ ಚಿಕ್ಕ ಗುಡಿಯಿದೆ. ಅದರ ಪಕ್ಕದ ಬೇವಿನ ಮರದ ಬುಡದಲ್ಲಿ ಜನ ಚಪ್ಪಲಿ ಬಿಡುತ್ತಾರೆ. ಹೊಸ ಚಪ್ಪಲಿಯನ್ನೇ ನಂಬಿ ಬಿಟ್ಟುಹೋಗುವ ಕಡೆ ನಾಯಿಗೇನಾದೀತು ಎಂದು ನಾನು ಅದನ್ನು ಆ ಮರಕ್ಕೆ ಕಟ್ಟಿ ಹೋಗುತ್ತಿದ್ದೆ. ನೆರಳಿತ್ತು. ನೀರಿನ ಡಬ್ಬವನ್ನೂ ಇಡುತ್ತಿದ್ದೆ. ಸದಾ ಜನರಿರುವುದರಿಂದ ಬೀದಿನಾಯಿಗಳು ಹತ್ತಿರ ಸುಳಿಯುತ್ತಿರಲಿಲ್ಲ.

“ಕಟ್ಟಾಕಿರೋ ನಾಯಿಗೆ ಓಡೋಕಾಗಲ್ಲ ಕಣೇ. ಯಾರ್ ಏನ್ ಬೇಕಾದ್ರೂ ಮಾಡ್ಬೋದು,” ಎಂದು ಗಂಡ ಪ್ರತಿ ಶುಕ್ರವಾರ ಊಟದ ಹೊತ್ತಿಗೆ ಹೇಳುತ್ತಿದ್ದರು. ಅದು ನನ್ನ ತಲೆಗೂ ಹೊಕ್ಕಿತ್ತು. ಕಲ್ಲು ಹೊಡೆದಾರು, ಒದ್ದಾರು, ಬಿಚ್ಚಿಕೊಂಡು ಹೋದಾರು, ನಾಯಿ ಹಿಡಿಯುವ ವ್ಯಾನು ಬಂದೀತು ಎಂದೆಲ್ಲ ಯೋಚಿಸಿ ಬೇಗಬೇಗ ವಾಪಸ್ ಬಂದು ಅದರ ಮೈಯೆಲ್ಲ ತಡವಿ ನೋಡುತ್ತಿದ್ದೆ. ಒಂದು ತರಚು ಗಾಯವೂ ಇರುತ್ತಿರಲಿಲ್ಲ. ಕೆಲವು ಸಲ ನೆತ್ತಿ ಎಣ್ಣೆ ಎಣ್ಣೆಯಾಗಿರುತ್ತಿತ್ತು. ಪಕ್ಕದಲ್ಲಿ ಬೈಕ್ ಗ್ಯಾರೇಜ್ ಇದೆ, ಅಲ್ಲಿನ ಆಯಿಲ್ ಇರಬೇಕು ಎಂದುಕೊಂಡು ಒರೆಸಿ ಕರೆತರುತ್ತಿದ್ದೆ. ಎಳ್ಳೆಣ್ಣೆಯ ವಾಸನೆ ಹೊಡೆಯುವ ಎಂಜಿನ್ ಆಯಿಲ್ ಯಾವ ಗಾಡಿಗೆ ಹಾಕುತ್ತಾರೆ ಎಂದು ನನಗೆ ಹೊಳೆಯಲಿಲ್ಲ.

ಆ ವರ್ಷ ಚಳಿಗಾಲದಲ್ಲಿ ನಾಯಿಗೆ ಕಾಯಿಲೆ ಶುರುವಾಯಿತು. ಭಾನುವಾರ ಬೆಳಗಾದರೆ ವಾಂತಿ. ಬೆನ್ನು ಬಿಲ್ಲಿನಂತೆ ಬಾಗಿಸಿ, ಹೊಟ್ಟೆ ಮುಟ್ಟಲು ಬಿಡದೆ ಮೂಲೆಯಲ್ಲಿ ನಿಲ್ಲುತ್ತಿತ್ತು. ಎರಡು ದಿನ ಹಾಗಿದ್ದು ಸುಧಾರಿಸಿಕೊಳ್ಳುತ್ತಿತ್ತು. ಮತ್ತೆ ಭಾನುವಾರ ಅದೇ. ಭಾನುವಾರ ನಮ್ಮ ಮನೆಯಲ್ಲಿ ಕೋಳಿ ಸಾರು. ವಾಂತಿ ಬೆಳಿಗ್ಗೆ, ಕೋಳಿ ಮಧ್ಯಾಹ್ನ ಎನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನಾನು ಕೋಳಿಯ ಮೇಲೆ ಆರೋಪ ಹೊರಿಸಿ ಅಡುಗೆಮನೆಯಿಂದ ಗಡೀಪಾರು ಮಾಡಿದೆ. ವಾರವೆಲ್ಲ ಪ್ರೆಸ್ಸಿನ ಮುಂದೆ ನಿಂತು ಬಂದ ಗಂಡ ಭಾನುವಾರವೂ ಸೊಪ್ಪಿನ ಸಾರು ಉಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗೆ. ಎಮ್ಮೆ ಮಾತ್ರ, ನಾಯಿಗೆ ವಾಸಿಯಾದರೆ ಸಾಕು ಎಂದಿತು.

ವಾಸಿಯಾಗಲಿಲ್ಲ. ನಾಯಿ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಹೊಟ್ಟೆಯೊಳಗೆ ಜೀರ್ಣರಸ ಮಾಡುವ ಗ್ರಂಥಿ ಊದಿಕೊಂಡಿದೆ ಎಂದರು. ಯಾರೋ ಇದಕ್ಕೆ ಎಣ್ಣೆ ಪದಾರ್ಥ ತಿನ್ನಿಸುತ್ತಿದ್ದಾರೆ ಎಂದೂ ಹೇಳಿದರು. ಯಾರೂ ತಿನ್ನಿಸುವುದಿಲ್ಲ ಎಂದು ನಾನು ವಾದಿಸಿದೆ. ನೀವು ನೋಡಿಲ್ಲ, ಆದರೆ ನಾಯಿ ತಿಂದಿದೆ ಎಂದು ಅವರು ಸಮಾಧಾನವಾಗಿಯೇ ಹೇಳಿದರು. ಇನ್ನೊಂದೆರಡು ಸಲ ಹೀಗಾದರೆ ಅದು ಉಳಿಯುವುದಿಲ್ಲ ಎಂದೂ ಅಷ್ಟೇ ಸಮಾಧಾನವಾಗಿ ಸೇರಿಸಿದರು.

ಮುಂದಿನ ಶನಿವಾರ ನಾಯಿಯನ್ನು ಎಂದಿನಂತೆ ಮರಕ್ಕೆ ಕಟ್ಟಿ, ಮಿಲ್ಲಿಗೆ ಹೋಗದೆ ಎದುರಿನ ಫ್ಯಾನ್ಸಿ ಸ್ಟೋರಿನಲ್ಲಿ ಬಳೆ ನೋಡುವವಳಂತೆ ನಿಂತೆ. ಹೆಚ್ಚು ಕಾಯಬೇಕಾಗಲಿಲ್ಲ. ಗುಡಿಯಿಂದ ಹೊರಬಂದ ಹೆಂಗಸೊಬ್ಬರು ನಾಯಿಯ ಪಾದಗಳನ್ನೂ ಬಾಲದ ತುದಿಯನ್ನೂ ಬಗ್ಗಿ ಪರೀಕ್ಷಿಸಿದರು. ಬಿಳಿ ಇಲ್ಲವೆಂದು ಖಾತ್ರಿಯಾದ ಮೇಲೆ ಅದರ ನೆತ್ತಿಗೆ ಎಳ್ಳೆಣ್ಣೆ ಸವರಿ, ಬಾಯಿಗೊಂದು ಪೂರಿ ಇಟ್ಟು, ಕೈಮುಗಿದರು. ಅವರ ಹಿಂದೆ ಒಬ್ಬ ಆಟೋದವನು, ಜಿಲೇಬಿ. ಆಮೇಲೆ ಬೈಕಿನಿಂದ ಇಳಿಯದೆಯೇ ಒಬ್ಬ ಐಟಿ ಹುಡುಗ, ಬಿಸ್ಕತ್ತಿನ ಇಡೀ ಪ್ಯಾಕೆಟ್ಟು. ಶನಿಕಾಟ ಇರುವವರು ಶನಿವಾರ ಕರಿ ನಾಯಿಗೆ ಉಣಿಸಬೇಕು ಎಂದು ನನಗೂ ಗೊತ್ತಿತ್ತು. ಗೊತ್ತಿದ್ದೂ ಅಪ್ಪಟ ಕರಿ ನಾಯಿಯನ್ನು, ಶನಿವಾರವೇ, ಶನಿಮಹಾತ್ಮನ ಬಾಗಿಲಲ್ಲೇ ಕಟ್ಟಿಹಾಕಿ ಸೊಪ್ಪು ಚೌಕಾಸಿ ಮಾಡಲು ಹೋಗುತ್ತಿದ್ದ ಬುದ್ಧಿವಂತೆ ನಾನು. ಬೀದಿಯಲ್ಲಿ ಅಂಥ ನಾಯಿ ಸಿಕ್ಕರೂ ನಿಲ್ಲುವುದಿಲ್ಲ, ಕಚ್ಚಲು ಬರುತ್ತದೆ, ಓಡಿಹೋಗುತ್ತದೆ. ಇದು ಹಗ್ಗ ಹಾಕಿಸಿಕೊಂಡು ಕಾದಿತ್ತು. ಜನರ ಕೆಟ್ಟತನವನ್ನೆಲ್ಲ ನಾನು ಊಹಿಸಿ ಇಟ್ಟುಕೊಂಡಿದ್ದೆ, ಅವರು ಒಳ್ಳೆಯದನ್ನು ಮಾಡಿಯಾರು ಎಂದು ಮಾತ್ರ ಹೆದರಿರಲಿಲ್ಲ.

ರಸ್ತೆ ದಾಟಿ ಹೋಗುವಷ್ಟರಲ್ಲಿ ಇನ್ನೊಬ್ಬಳು ಕುಕ್ಕರಗಾಲಲ್ಲಿ ಕೂತು ಎಣ್ಣೆ, ಬೆಲ್ಲ ಹಚ್ಚಿದ ಜೋಳದ ರೊಟ್ಟಿಯನ್ನು ಚೂರು ಮಾಡಿ ತಿನ್ನಿಸುತ್ತಿದ್ದಳು. ನಾಯಿ ಅವಳ ತೊಡೆಯ ಮೇಲೆ ಗದ್ದ ಇಟ್ಟಿತ್ತು, ಹಳೇ ಪರಿಚಯ ಎಂದು ಗೊತ್ತಾಗುತ್ತಿತ್ತು. ನಾನು ಅವಳ ಕೈ ಹಿಡಿದು ಎಳೆದೆ. ನಾಲಿಗೆ ಸ್ವಲ್ಪ ಜೋರಾಗಿಯೇ ಹರಿಯಿತು.

“ನಾ ಏನೂ ಕೆಟ್ಟದ್ದ ಹಾಕಿಲ್ರಿ ಅಕ್ಕಾರ,” ಎಂದಳು. “ನಾವು ತಿನ್ನೂದಕ್ಕಿಂತ ಮೊದಲ ಇದಕ್ಕ ತೆಗೆದಿಡತೀನ್ರಿ.”

ಕಲಬುರಗಿ ಕಡೆಯವಳು. ಹತ್ತಿರದ ಕಾರ್ಖಾನೆಯಲ್ಲಿ ಗುಡಿಸಿ ಒರೆಸುವ ಕೆಲಸ. ಅವಳ ಗಂಡ ಕಟ್ಟಡದ ಸೆಂಟ್ರಿಂಗ್ ಕೆಲಸದಲ್ಲಿ ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡು ರೂಮಿನಲ್ಲಿ ಮಲಗಿದ್ದ. ಡಾಕ್ಟರು ಕಾಲಕ್ಕೆ ಬಿಟ್ಟಿದ್ದರು, ಊರಿನ ಶಾಸ್ತ್ರದವರು ಶನಿಗೆ ಬಿಟ್ಟಿದ್ದರು. ಶಿವರಾತ್ರಿ ಕಳೆದ ಮೊದಲ ಶನಿವಾರದವರೆಗೆ ಪ್ರತಿ ವಾರ ಕರಿ ನಾಯಿಗೆ ಸ್ವಂತ ಕೈಯಿಂದ ಉಣಿಸಬೇಕು, ಒಂದು ವಾರವೂ ತಪ್ಪಬಾರದು. ಇದನ್ನೆಲ್ಲ ಅವಳು ಹೇಳುತ್ತಿರುವಾಗ ನಾನು ಡಾಕ್ಟರು ಹೇಳಿದ್ದನ್ನು ಹೇಳಿದೆ. ಎಣ್ಣೆಯಿಂದ ಇದಕ್ಕೆ ಜೀವಕ್ಕೇ ಕುತ್ತು ಬಂದಿದೆ ಎಂದೆ.

ಅವಳು ರೊಟ್ಟಿಯನ್ನು ಸೆರಗಿನೊಳಗೆ ಎಳೆದುಕೊಂಡಳು. ನಾಯಿಯನ್ನು ನೋಡಿ, “ನಮ್ಮ ಮನೀ ಪೀಡಾ ಇದರ ಮೈಮ್ಯಾಲೆ ಬಂತೇನ್ರಿ?” ಎಂದು ಕೇಳಿದಳು.

ಪೀಡೆಯಲ್ಲ, ಕರಿದ ಎಣ್ಣೆ ಎಂದೆ. ಅದು ಅವಳ ಕಿವಿಗೆ ಹೋದಂತೆ ಕಾಣಲಿಲ್ಲ. “ಹಂಗಾರ ಇದು ಉಳೀಬೇಕ್ರಿ ಅಕ್ಕಾರ. ಇದಕ್ಕೇನರ ಆತಂದ್ರ ಅವರೂ ಏಳೂದಿಲ್ರಿ,” ಎಂದಳು.

ನನಗೂ ಶನಿಮಹಾತ್ಮನಿಗೂ ಅಂಥ ಬಳಕೆಯಿಲ್ಲ. ಆದರೂ ಇನ್ನು ಬರಬೇಡ ಎನ್ನಲು ಬಾಯಿ ಬರಲಿಲ್ಲ. ಎಣ್ಣೆ, ಬೆಲ್ಲ, ಉಪ್ಪು ಏನೂ ಇಲ್ಲದ ಒಂದೇ ಒಂದು ರೊಟ್ಟಿ ತಂದರೆ ಉಣಿಸಬಹುದು ಎಂದೆ. ಅವಳು ಒಪ್ಪಿಕೊಂಡಳು. ಉಳಿದ ಭಕ್ತರಿಗಾಗಿ ರಟ್ಟಿನ ಮೇಲೆ ‘ಈ ನಾಯಿಗೆ ಏನೂ ತಿನ್ನಿಸಬೇಡಿ’ ಎಂದು ಬರೆದು ಮರಕ್ಕೆ ನೇತುಹಾಕಿದೆ. ಒಬ್ಬರು ಅದನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಒಂದೇ ಒಂದು ಮೇಡಂ ಎಂದು ಅರ್ಧ ಜಿಲೇಬಿ ಮುರಿದರು. ಕೊನೆಗೆ ಕಾವಲಿಗೆ ಅವಳೇ ನಿಂತಳು. ಶನಿವಾರ ನಾನು ಬರುವ ಹೊತ್ತಿಗೆ ಬಂದು, ರೊಟ್ಟಿ ಉಣಿಸಿ, ನಾನು ಮಿಲ್ಲು ತರಕಾರಿ ಮುಗಿಸಿ ಬರುವ ತನಕ ನಾಯಿಯ ಪಕ್ಕ ಕೂತು ಪೂರಿ ತಂದವರನ್ನು ಜಗಳವಾಡಿ ಕಳಿಸುತ್ತಿದ್ದಳು. ನಾನು ಬಂದ ಮೇಲೆ ಅವಳು ನಾಯಿಯ ಹೊಟ್ಟೆ ವಿಚಾರಿಸುತ್ತಿದ್ದಳು, ನಾನು ಅವಳ ಗಂಡನ ಸೊಂಟ ವಿಚಾರಿಸುತ್ತಿದ್ದೆ. ಅವಳ ಗಂಡ ಎದ್ದು ಕೂತ, ಆಮೇಲೆ ಮಂಚದಿಂದ ಕಾಲು ಇಳಿಬಿಟ್ಟ. ನಾಯಿಯ ಭಾನುವಾರದ ವಾಂತಿ ನಿಂತಿತು. ನಮ್ಮ ಮನೆಗೆ ಕೋಳಿ ವಾಪಸ್ ಬಂತು. ನನಗೆ ಆ ವಾರಗಳು ಇಷ್ಟವಾಗಿದ್ದವು.

ಶಿವರಾತ್ರಿ ಕಳೆದ ಗುರುವಾರ ಬೆಳಿಗ್ಗೆ ನಾಯಿ ಮತ್ತೆ ಬೆನ್ನು ಬಾಗಿಸಿ ನಿಂತಿತು. ಯಾರೂ ಏನೂ ತಿನ್ನಿಸಿರಲಿಲ್ಲ. ಒಳಗೆ ಮೊದಲೇ ಕೆಟ್ಟಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು. ಅವರ ಮೇಜಿನ ಮೇಲೆಯೇ ಮಧ್ಯಾಹ್ನದೊಳಗೆ ಹೋಯಿತು. ಗಂಡ ಶಿಫ್ಟಿನ ನಡುವೆ ಎದ್ದು ಬಂದರು, ನಾನು ಹೇಳಿದ್ದೆನಲ್ಲ ಎನ್ನಲಿಲ್ಲ. ಎಲ್ಲಿ ಹೂಳುವುದೆಂದು ನಾವು ಮೆಟ್ಟಿಲ ಬಳಿ ನಿಂತು ಮಾತಾಡುತ್ತಿದ್ದಾಗ ಓನರ್ ಹೊರಗೆ ಬಂದರು.

“ಅಲ್ಲಿ ಇಲ್ಲಿ ಯಾಕಮ್ಮ, ನಮ್ ಸೈಟಲ್ಲೇ ಊಣಿ. ಈ ವರ್ಸ ಅಲ್ಲಿ ಮನೆಗಿನೆ ಏನೂ ಕಟ್ಸಾಕಿಲ್ಲ,” ಎಂದು ಗುದ್ದಲಿಯನ್ನೂ ಅವರೇ ತಂದುಕೊಟ್ಟರು.

ಶುಕ್ರವಾರ ಒಂದು ಬ್ಲೌಸನ್ನೂ ಸರಿಯಾಗಿ ಹೊಲಿಯಲಾಗಲಿಲ್ಲ. ಅಳುತ್ತ ಕೂತೆ. ಅದನ್ನು ಮುಚ್ಚಿಡುವಂಥದ್ದೇನಿಲ್ಲ. ಶನಿವಾರ ಹೋಗುವುದೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆ. ಅದು ಅವಳ ಹರಕೆಯ ಕಡೆಯ ಶನಿವಾರ. ನಾನು ಹೋಗದಿದ್ದರೆ ಅವಳು ಸಂಜೆಯವರೆಗೂ ಆ ಮರದ ಕೆಳಗೆ ಕೂತಿರುತ್ತಾಳೆ, ಕೂತಷ್ಟು ಹೊತ್ತೂ ಒಂದೇ ಅರ್ಥ ಮಾಡಿಕೊಳ್ಳುತ್ತಾಳೆ. ಚೀಲ ತೆಗೆದುಕೊಂಡು ಹೊರಟೆ.

ಅವಳು ಆಗಲೇ ಬಂದಿದ್ದಳು. ನನ್ನ ಖಾಲಿ ಕೈ ನೋಡಿ ಎದ್ದು ನಿಂತಳು. ಅವಳು ಕೇಳುವ ಮೊದಲೇ ನಾನು ಹೇಳಿಬಿಟ್ಟೆ.

“ಮನೇಲಿದೆ ಕಣಮ್ಮ. ಓನರ್ ಈಗೇನೂ ಅನ್ನಲ್ಲ. ಇನ್ಮೇಲೆ ಕಟ್ಟಾಕೋದು ಬೇಡ ಅಂತ ಬಿಟ್ಬಂದೆ.”

ಅವಳ ಮುಖ ಸಡಿಲವಾಯಿತು. ಅವಳ ಗಂಡ ಹಿಂದಿನ ದಿನ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ನಡೆದಿದ್ದನಂತೆ. ಅದನ್ನು ನಾಯಿಗೇ ಹೇಳಬೇಕೆಂದು ಬಂದಿದ್ದಳು. ಮನೆಗೆ ಬಂದು ಉಣಿಸಲೇ ಎಂದು ಕೇಳಿದಳು. ಔಷಧಿ ಕೊಟ್ಟು ಮಲಗಿಸಿದ್ದೇನೆ, ಎಬ್ಬಿಸಬಾರದು ಎಂದೆ. ಸುಳ್ಳುಗಳು ಒಂದಕ್ಕೊಂದು ತಾವಾಗಿ ಕೂಡಿಕೊಳ್ಳುತ್ತಿದ್ದವು. ಅವಳು ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯನ್ನು ನನ್ನ ಅಂಗೈಯಲ್ಲಿಟ್ಟು, ಕೆಳಗಿನಿಂದ ತನ್ನ ಕೈಯಿಂದ ನನ್ನ ಕೈ ಹಿಡಿದುಕೊಂಡಳು.

“ನಿಮ್ಮ ಕೈ ನನ್ನ ಕೈ ಅಂತ ತಿಳಕೊಂಡು ಹಾಕ್ರಿ ಅಕ್ಕಾರ. ಪೂರಾ ತಿನಸ್ರಿ, ಚೆಲ್ಲಬ್ಯಾಡ್ರಿ.”

ಆಗಲಿ ಎಂದೆ.

ಅವಳು ಕೆಲಸಕ್ಕೆ ಹೊರಟುಹೋದಳು. ನಾನು ಮಿಲ್ಲಿಗೆ ಹೋಗಲಿಲ್ಲ. ಲಗ್ಗೆರೆಯ ಅಡ್ಡರಸ್ತೆಗಳಲ್ಲಿ ಒಂದು ಕರಿ ನಾಯಿಗಾಗಿ ತಿರುಗಿದೆ. ಕಂದು ನಾಯಿಗಳಿದ್ದವು, ಮಚ್ಚೆಯವಿದ್ದವು, ಎಲ್ಲವೂ ಹಸಿದೇ ಇದ್ದವು. ಕರಿಯದು ಒಂದೂ ಸಿಗಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಮಷೀನಿನ ಮುಂದೆ ಕೂತೆ. ರೊಟ್ಟಿ ಇನ್ನೂ ಬೆಚ್ಚಗಿತ್ತು. ಚೂರು ಮಾಡಿ, ಒಂದೊಂದೇ ಚೂರು, ಪೂರ್ತಿ ನಾನೇ ತಿಂದೆ.