ಹಳೇ ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಅವರ ಮಾತು

ಫೋಲ್ಡರ್ ಮೇಲೆ ಒತ್ತಿದರೆ, ಇದನ್ನು ತೆರೆಯಲು ನಿಮಗೆ ಅನುಮತಿ ಇಲ್ಲ ಅಂತ ಬಂತು.

ನೋಡಿ ಕರ್ಮ. ಗಂಡನ ಫೋಲ್ಡರ್ ನೋಡೋಕೆ ಹೆಂಡತಿಗೇ ಅನುಮತಿ ಇಲ್ಲವಂತೆ!

ಅವರ ಹಳೇ ಲ್ಯಾಪ್‌ಟಾಪ್ ಆನ್ ಆಗದೆ ಬೀರುವಿನಲ್ಲಿ ಬಿದ್ದಿತ್ತು. ನಿನ್ನೆ ಮಧು ಅದರ ಹಾರ್ಡ್ ಡಿಸ್ಕ್ ಬಿಚ್ಚಿ, ಕೇಬಲ್ ಹಾಕಿ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. ಮಧು ಅಂದರೆ ಪೀಣ್ಯದಲ್ಲಿರುವ ನಮ್ಮ ಶೆಡ್ಡಿಗೆ ಈಗ ಪ್ರೋಗ್ರಾಮ್ ಬರೆದುಕೊಡುವವರು.

“ಗಾಬರಿ ಆಗ್ಬೇಡಿ ಅಕ್ಕ, ಹಳೇ ಅಕೌಂಟಿನ ಲಾಕ್ ಅಷ್ಟೇ. ಕಂಟಿನ್ಯೂ ಕೊಡಿ, ಓಪನ್ ಆಗುತ್ತೆ,” ಅಂದರು.

ಕೊಟ್ಟೆ. ಮೇಲೆ ಹಸಿರು ಪಟ್ಟಿ ತೆವಳತೊಡಗಿತು...

ನಮ್ಮದು ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಮೆಷಿನ್ ಒಂದೇ ಒಂದು ಇರುವ ಸಣ್ಣ ಶೆಡ್. ಅವರು ಪ್ರೋಗ್ರಾಮ್ ಬರೆಯುತ್ತಿದ್ದರು, ನಾನು ಮೆಷಿನ್ ಓಡಿಸುತ್ತಿದ್ದೆ. ಟೂಲ್ ಎಲ್ಲಿಗೆ ಹೋಗಬೇಕು, ಎಷ್ಟು ಕೊರೆಯಬೇಕು ಅಂತ ಮೆಷಿನ್‌ಗೆ ಸಾಲು ಸಾಲಾಗಿ ಹೇಳುವುದೇ ಪ್ರೋಗ್ರಾಮ್.

ನಡುವೆ ಬ್ರಾಕೆಟ್ ಹಾಕಿ ಏನು ಬರೆದರೂ ಮೆಷಿನ್ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಸ್ಕ್ರೀನ್ ಮೇಲೆ ತೋರಿಸುತ್ತದೆ ಅಷ್ಟೆ. ಬೇರೆಯವರು ಅಲ್ಲಿ ಟೂಲಿನ ಹೆಸರು ಬರೆಯುತ್ತಾರೆ. ನಮ್ಮವರು ಅಲ್ಲಿ ನನ್ನ ಜೊತೆ ಮಾತಾಡುತ್ತಿದ್ದರು.

ಮೆಷಿನ್‌ಗೆ ಕನ್ನಡ ಅಕ್ಷರ ಬರುವುದಿಲ್ಲ. ಹಾಗಾಗಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಕನ್ನಡ. ‘ಬಾಗಿಲು ಹಾಕು ತಾಯಿ.’ ‘ಕನ್ನಡಕ ಎಲ್ಲಿ?’ ‘ಟೂಲ್ ಮೊಂಡಾಗಿದ್ರೆ ನನ್ನ ಬೈಬೇಡ.’

ಮನೆಯಲ್ಲಿ ತುಟಿ ಬಿಚ್ಚದ ಮನುಷ್ಯ ಅಲ್ಲಿ ಮಾತ್ರ ವಾಚಾಳಿ.

ಅವರು ತೀರಿಕೊಂಡ ಮೇಲೆ ಶೆಡ್ ಬಹಳ ದಿನ ಮುಚ್ಚಿಯೇ ಇತ್ತು. ಅಷ್ಟರಲ್ಲಿ ಮೆಷಿನ್ನಿನ ಬ್ಯಾಟರಿ ಸತ್ತು, ಅದರೊಳಗಿದ್ದ ಪ್ರೋಗ್ರಾಮ್‌ಗಳೆಲ್ಲ ಅಳಿಸಿಹೋಗಿದ್ದವು. ಮತ್ತೆ ಶೆಡ್ ತೆರೆದಾಗ ಸ್ಕ್ರೀನ್ ಖಾಲಿ. ಆವತ್ತು ನನಗೆ ಅವರು ಇನ್ನೊಂದು ಸಲ ಹೋದ ಹಾಗಾಯಿತು.

ಮಧು ಎಲ್ಲವನ್ನೂ ಹೊಸದಾಗಿ ಬರೆದುಕೊಟ್ಟರು. ಚೊಕ್ಕವಾಗಿವೆ, ಕೆಲಸ ಬೇಗ ಮುಗಿಯುತ್ತೆ, ಒಂದು ದೂರು ಹೇಳುವ ಹಾಗಿಲ್ಲ. ಆದರೆ ದಿನವಿಡೀ ಸ್ಕ್ರೀನ್ ನೋಡುತ್ತಾ ನಿಂತರೂ ನನ್ನನ್ನು ಯಾರೂ ಮಾತಾಡಿಸುವುದಿಲ್ಲ.

ಮೊನ್ನೆ ಹಳೇ ಕಸ್ಟಮರ್ ಒಬ್ಬರು ಪಂಪಿನ ಮುಚ್ಚಳ ಮತ್ತೆ ಬೇಕು ಅಂದರು. ಮಧು ಹೊಸ ಪ್ರೋಗ್ರಾಮ್ ಮಾಡಿಕೊಡುತ್ತೇನೆ ಅಂದರೂ, ಹಳೆಯದೇ ಆಗಬೇಕು ಅಂತ ನಾನು ಹಟ ಹಿಡಿದೆ.

ಮುಚ್ಚಳ ಒಂದು ನೆಪ. ನನಗೆ ಅವರ ಮಾತು ಬೇಕಿತ್ತು.

ಅಂತೂ ಪಟ್ಟಿ ತುಂಬಿತು, ಫೋಲ್ಡರ್ ತೆರೆಯಿತು. ಎಷ್ಟೋ ಫೈಲ್‌ಗಳು ಕೆಟ್ಟುಹೋಗಿದ್ದವು. ಪಂಪಿನ ಮುಚ್ಚಳದ್ದು ಸಿಕ್ಕಿತು!

ಇವತ್ತು ಅದನ್ನು ಪೆನ್‌ಡ್ರೈವ್‌ನಲ್ಲಿ ತಂದು ಮೆಷಿನ್‌ಗೆ ಹಾಕಿ ಸ್ಟಾರ್ಟ್ ಒತ್ತಿದೆ. ಟೂಲ್ ಇಳಿಯಿತು, ಕೊರೆಯಿತು... ಅರ್ಧ ಕೆಲಸ ಆಗುವಷ್ಟರಲ್ಲಿ ಮೆಷಿನ್ ತಾನಾಗಿ ನಿಂತುಬಿಟ್ಟಿತು.

“ಅಕ್ಕ, ಇಲ್ಲಿ ಸುಮ್‌ಸುಮ್ನೆ ಸ್ಟಾಪ್ ಹಾಕವ್ರೆ. ಟೂಲ್ ಚೇಂಜೂ ಇಲ್ಲ, ಅಳತೆ ನೋಡೋದೂ ಇಲ್ಲ. ಟೈಮ್ ವೇಸ್ಟು, ತೆಗೆದ್ಬಿಡ್ಲಾ?” ಅಂದರು ಮಧು.

ನಾನು ಸ್ಕ್ರೀನ್ ನೋಡುತ್ತಿದ್ದೆ.

‘ನಿಂತಿದ್ದು ಸಾಕು. ಕೂತ್ಕೋ.’

ಮಗಳು ಹೊಟ್ಟೆಯಲ್ಲಿದ್ದಾಗ ಬರೆದ ಪ್ರೋಗ್ರಾಮ್ ಅದು. ಬೇರೆ ಆಪರೇಟರ್ ಇಟ್ಟುಕೊಳ್ಳುವ ಶಕ್ತಿ ಆಗ ನಮಗಿರಲಿಲ್ಲ. ಕಾಲು ಊದಿಕೊಂಡರೂ ನಾನು ಕೂರುವವಳಲ್ಲ ಅಂತ ಅವರಿಗೆ ಗೊತ್ತಿತ್ತು. ಅದಕ್ಕೇ ಮೆಷಿನ್ನನ್ನೇ ನಿಲ್ಲಿಸುವ ಉಪಾಯ ಮಾಡಿದ್ದರು. ನಾನು ಎದ್ದು ಬಟನ್ ಒತ್ತುವವರೆಗೂ ಅದು ಕಾಯುತ್ತದೆ.

“ತೆಗೀಬೇಡಿ ಮಧು. ಇರ್ಲಿ,” ಅಂದೆ.

ಸ್ಟೂಲ್ ಎಳೆದುಕೊಂಡು ಕೂತೆ. ಅಳು ತಡೆಯೋಕಾಗಲಿಲ್ಲ.

ಬಟನ್ ಒತ್ತೋಕೆ ಮನಸ್ಸೇ ಬರುತ್ತಿಲ್ಲ... ಒತ್ತಿದರೆ ಮುಂದಿನ ಸಾಲು ಬರುತ್ತೆ, ಈ ಮಾತು ಸ್ಕ್ರೀನಿನಿಂದ ಹೋಗಿಬಿಡುತ್ತೆ.

ಸಾಕು, ಕೂತ್ಕೋ ಅನ್ನುವವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದಾರಾ?