ಉಗ್ರಾಣದ ಬಿಸಿಗಾಳಿ

ನಾನು ಓದು ನಿಲ್ಲಿಸಿದ್ದು 1993ರಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧದಲ್ಲಿ. ಮದಕರಿಪುರದಿಂದ ದುರ್ಗಕ್ಕೆ ಬಂದು ಒಂದು ಫ್ರಿಜ್ ರಿಪೇರಿ ಅಂಗಡಿ ಸೇರಿದೆ. ತಂಪು ಮಾಡುವ ಯಂತ್ರ ಯಾವುದೇ ಇರಲಿ, ಕಿವಿಗೊಟ್ಟು ಕೇಳಿ, ಕೈಯಿಟ್ಟು ನೋಡಿ ಕಲಿತವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಹೋದ ತಿಂಗಳು ಹೊಸದುರ್ಗದಲ್ಲಿ ದಾಳಿಂಬೆ ಇಡುವ ಕೋಲ್ಡ್ ರೂಮಿನ ಕೆಲಸ ಮುಗಿಸಿ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಹೋದೆ. ಬೆಲ್ಲದ ಟೀ ಕೊಟ್ಟರು. ಲೋಟ ಬಾಯಿಯ ಹತ್ತಿರ ತರುವಾಗ ಒಣಶುಂಠಿಯ ಜೊತೆ ಕಾಳುಮೆಣಸಿನ ವಾಸನೆ ಬಂತು. ಎರಡನ್ನೂ ಹಾಗೆ ಕುಟ್ಟಿ ಹಾಕುತ್ತಿದ್ದವರು ನನಗೆ ಗೊತ್ತಿದ್ದಂತೆ ಒಬ್ಬರೇ... ಹಿರಿಯೂರಿನ ಆಚೆ ಒಂದು ತೋಟದ ಮನೆಯಲ್ಲಿ ಅಡಿಗೆ ಮಾಡಿಕೊಂಡಿದ್ದ ಅಯ್ನೋರು.

ಏಳೆಂಟು ವರ್ಷದ ಹಿಂದಿನ ಮಾತು. ತೋಟದ ಯಜಮಾನರದು ಲಾರಿಗಳ ವ್ಯವಹಾರ. ದುರ್ಗದಲ್ಲಿ ಮನೆ, ಶನಿವಾರ ತೋಟಕ್ಕೆ ಬಂದರೆ ಸೋಮವಾರ ವಾಪಸ್ಸು. ಬೇರೆ ಬೇರೆ ದೇಶದ ವೈನ್ ಕೂಡಿಡುವುದು ಅವರ ಹವ್ಯಾಸ. ಅದಕ್ಕೆಂದೇ ಕಿಟಕಿಯಿಲ್ಲದ ಒಂದು ರೂಮು ಕಟ್ಟಿಸಿ, ಗೋಡೆಯಲ್ಲಿ ಕೂಲಿಂಗ್ ಯೂನಿಟ್ ಕೂರಿಸಿದ್ದರು. ಯೂನಿಟ್ಟಿನ ಮುಖ ವೈನ್ ರೂಮಿಗೆ, ಬೆನ್ನು ಪಕ್ಕದ ಉಗ್ರಾಣಕ್ಕೆ. ಮುಂದಿನಿಂದ ತಂಪು ಊದುತ್ತದೆ, ರೂಮಿನಿಂದ ಎಳೆದ ಬಿಸಿಯನ್ನು ಹಿಂದಿನ ಜಾಲರಿಯಿಂದ ಹೊರಗೆ ಹಾಕುತ್ತದೆ. ರೂಮು ಸದಾ ಹದಿಮೂರು ಡಿಗ್ರಿಯಲ್ಲಿರಬೇಕು. ಏರಿಳಿತವಾದರೆ ವೈನಿನ ರುಚಿ ಕೆಡುತ್ತದಂತೆ.

ಆ ರೂಮಿನ ಬೀಗದ ಕೈ ಇದ್ದದ್ದು ಹಣೆತುಂಬ ವಿಭೂತಿ ಹಚ್ಚುವ, ಒಂದು ಹನಿಯನ್ನೂ ಮುಟ್ಟದ ಅಯ್ನೋರ ಸೊಂಟದಲ್ಲಿ.

"ಯಾರ ಕೈಲಿದ್ರೆ ಬಾಟ್ಲಿ ಖಾಲಿ ಆಗಲ್ವೋ ಅವರಿಗೇ ಕೊಟ್ಟಾರೆ ನೋಡ್ರಿ" ಎಂದು ಮೊದಲ ದಿನವೇ ನಗುತ್ತ ಹೇಳಿದ್ದರು. "ಅವಕ್ಕೆ ಏಸಿ. ನಮ್ಮ ಅಡಿಗೆಮನೆಗೆ ಒಂದು ಫ್ಯಾನ್ ಸೈತ ಇಲ್ಲ."

ನನ್ನನ್ನು ಇಂಜಿನಿಯರ್ರೇ ಎಂದೇ ಕರೆಯುತ್ತಿದ್ದರು. ನಾನು ಓದಿದವನಲ್ಲ ಎಂದು ಹೇಳಿದೆ. "ಇರ್ಲಿ ಬಿಡ್ರಿ, ಕುಂತ್ಕಳ್ರಿ" ಎಂದು ಕುರ್ಚಿ ಎಳೆದು ಟೀ ಇಟ್ಟರು. ಅದಾದ ಮೇಲೂ ಇಂಜಿನಿಯರ್ರೇ ಎಂದೇ ಕರೆದರು.

ಯಜಮಾನರ ದೂರು ಇಷ್ಟು: ಬೆಳಿಗ್ಗೆ ಎದ್ದು ನೋಡಿದರೆ ರೂಮು ಹತ್ತೊಂಬತ್ತು ಡಿಗ್ರಿಗೆ ಏರಿರುತ್ತದೆ, ಒಮ್ಮೊಮ್ಮೆ ಯೂನಿಟ್ ತಾನೇ ಆಫ್ ಆಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಸರಿ. ನಾನು ಹೊರಡುವಾಗ ತೋಟಕ್ಕೆ ಫೋನ್ ಮಾಡಿ, ಇಷ್ಟು ಗಂಟೆಗೆ ಬರುತ್ತೇನೆ ಎಂದು ಹೇಳಿಯೇ ಹೋಗುತ್ತಿದ್ದೆ. ಹೋದಾಗ ಯೂನಿಟ್ ಚೆನ್ನಾಗಿಯೇ ಓಡುತ್ತಿತ್ತು. ಉಗ್ರಾಣ ಕಸ ಹೊಡೆದು, ನೆಲ ಒರೆಸಿ ಲಕಲಕ ಎನ್ನುತ್ತಿತ್ತು.

ತಂಪಾಗದ ಯಂತ್ರಕ್ಕೆ ಇರುವ ಕಾರಣಗಳು ಹೆಚ್ಚಿಲ್ಲ. ಹಿಂದಿನ ಕಾಯಿಲಿನಲ್ಲಿ ಧೂಳು ಕೂತಿರಬೇಕು, ಫ್ಯಾನ್ ಸೋತಿರಬೇಕು, ಸೆನ್ಸರ್ ತಪ್ಪು ಹೇಳುತ್ತಿರಬೇಕು, ಗ್ಯಾಸ್ ಸೋರಿರಬೇಕು, ಇಲ್ಲವೇ ಬಾಗಿಲಿನ ರಬ್ಬರ್ ಗಾಳಿ ಬಿಡುತ್ತಿರಬೇಕು. ಮೊದಲ ಸಲ ಬ್ರಷ್ ಹಿಡಿದು ಕಾಯಿಲ್ ತೊಳೆದೆ. ವಾರಕ್ಕೆ ಮತ್ತೆ ಫೋನ್. ಎರಡನೇ ಸಲ ಬಾಗಿಲಿಗೆ ಕಾಗದ ಸಿಕ್ಕಿಸಿ ಎಳೆದು ನೋಡಿದೆ, ಬಿಗಿಯಾಗಿತ್ತು. ಗ್ಯಾಸಿನ ಪ್ರೆಶರ್ ಸರಿಯಿತ್ತು. ಸೆನ್ಸರ್ ಬದಲಾಯಿಸಿದೆ. ಮತ್ತೆ ಫೋನ್. ಮೂರನೇ ಸಲ ಫ್ಯಾನಿನ ಕೆಪಾಸಿಟರ್ ಹಾಕಿದೆ.

"ಏನ್ ಇಂಜಿನಿಯರ್ರೇ, ಇವತ್ತೂ ರೋಗಿ ಆರಾಮಾಗೇ ಐತಾ?" ಎಂದರು ಅಯ್ನೋರು. "ನಿಮ್ಮನ್ನ ಕಂಡ ಕೂಡ್ಲೆ ಜ್ವರ ಬಿಡ್ತೈತೆ. ನೀವು ಇಲ್ಲೇ ಒಂದು ಹಾಸಿಗೆ ಹಾಕ್ಕಳ್ರಿ."

ನನಗೆ ನಗು ಬರಲಿಲ್ಲ. ಹಿಂದಿನ ದಿನ ಯಜಮಾನರು ಫೋನಿನಲ್ಲಿ ಮೆತ್ತಗೇ ಹೇಳಿದ್ದರು: "ಇನ್ನೊಂದು ಸಲ ಹಿಂಗಾದ್ರೆ ಬೆಂಗಳೂರಿಂದ ಕಲಿತವರನ್ನ ಕರೆಸ್ತೀನಿ. ಬೇಜಾರು ಮಾಡ್ಕಬೇಡ." ಅವರಿಗೆ ದುರ್ಗದ ಹೋಟೆಲಿನವರೆಲ್ಲ ಪರಿಚಯ. ಅವರು ಬೇಡವೆಂದ ಮೆಕ್ಯಾನಿಕ್ಕನ್ನು ಬೇರೆ ಯಾರೂ ಕರೆಯುತ್ತಿರಲಿಲ್ಲ. ಕಲಿತವರು ಎಂಬ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತ್ತು.

ನಾಲ್ಕನೆಯ ಸಲ ಫೋನ್ ಮಾಡದೆ ಹೋದೆ. ಭಾನುವಾರ, ಬೆಳಿಗ್ಗೆ ಎಂಟಕ್ಕೆ ಮುಂಚೆ ಬೈಕ್ ನಿಲ್ಲಿಸಿ ನೇರ ಉಗ್ರಾಣಕ್ಕೆ ನಡೆದೆ. ಯೂನಿಟ್ಟಿನ ಬೆನ್ನಿನ ಮೇಲೆ, ಬಿಸಿಗಾಳಿ ಬರುವ ಜಾಲರಿಗೆ ಅಡ್ಡಲಾಗಿ, ಒದ್ದೆ ಪಂಚೆ, ಒದ್ದೆ ಶಲ್ಯ ಹರಡಿದ್ದವು. ಬಿಸಿ ಹೊರಹೋಗಲು ದಾರಿಯಿಲ್ಲದೆ ಕಂಪ್ರೆಸರ್ ಸುಡುತ್ತಿತ್ತು. ಅಯ್ನೋರು ಐದಕ್ಕೆ ಸ್ನಾನ ಮಾಡಿ, ಪೂಜೆಗೆ ಉಡುವ ಬಟ್ಟೆಯನ್ನು ದಿನಾ ಇಲ್ಲಿ ಒಣಗಿಸುತ್ತಿದ್ದರು. ನಾನು ಬರುವುದು ತಿಳಿದ ದಿನ ಮಾತ್ರ ಅದನ್ನು ತೆಗೆದು, ಕೋಣೆ ಚೊಕ್ಕಟ ಮಾಡಿ ಕಾಯುತ್ತಿದ್ದರು. ಅಷ್ಟರಲ್ಲಿ ಯಂತ್ರ ಉಸಿರಾಡಿಕೊಳ್ಳುತ್ತಿತ್ತು.

ಹಿಂದೆಯೇ ಯಜಮಾನರು ಬಂದರು. ಅವರ ಹಿಂದೆ ಟೀ ಲೋಟ ಹಿಡಿದು ಅಯ್ನೋರು.

"ಏನಪ್ಪ, ಏನಾದ್ರೂ ಸಿಕ್ತಾ?"

ನಾನು ಪಂಚೆಯ ತುದಿಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದೆ. "ಇದು ಸಿಕ್ತು ಸರ್. ಮಿಷನ್ನಿಗೆ ಏನೂ ಆಗಿಲ್ಲ. ಇದನ್ನ ಕಂಡುಹಿಡಿಯಾಕೆ ಬೆಂಗಳೂರಿಂದ ಯಾರೂ ಬರ್ಬೇಕಾಗಿಲ್ಲ."

ಯಜಮಾನರು ಕೂಗಾಡುವವರಲ್ಲ. "ಏನ್ ಅಯ್ನೋರೇ, ನನ್ನ ವೈನೆಲ್ಲ ನಿಮ್ಮ ಪಂಚೆ ಒಣಗಾಕೆ ಕಾಯ್ತಿತ್ತಾ?" ಎಂದರು, ಅಷ್ಟೇ.

"ಗೊತ್ತಾಗಲಿಲ್ಲ ಯಜಮಾನ್ರೇ. ಹೊರಗೆ ಹಾಕಿದ್ರೆ ರೋಡಿನ ಧೂಳು. ಬಿಸಿಗಾಳಿ ಸುಮ್ನೆ ಹೋಗ್ತೈತಲ್ಲ ಅಂತ..."

ಯಜಮಾನರು ಮಾತು ಮುಗಿಯುವ ತನಕ ನಿಲ್ಲಲಿಲ್ಲ. ಅಯ್ನೋರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟು ಹುಡುಕಿದೆ, ಕಾಣಲಿಲ್ಲ.

"ನಿಮ್ಮ ಕೆಲಸ ನೀವು ಮಾಡಿದ್ರಿ. ಟೀ ಆರ್ತೈತೆ, ಕುಡೀರಿ."

ಕುಡಿದೆ.

ಆ ತಿಂಗಳ ಕೊನೆಗೆ ಅವರನ್ನು ಬಿಡಿಸಿದರೆಂದು ತೋಟದ ಮಾಲಿ ಹೇಳಿದ. ಬೆಲೆಬಾಳುವ ಬಾಟಲಿಗಳು ಕೆಟ್ಟಿದ್ದವಂತೆ. ಹೊಳಲ್ಕೆರೆ ಕಡೆಯ ತಮ್ಮ ಊರಿಗೆ ಹೋದರಂತೆ. ಹೊಳಲ್ಕೆರೆಗೆ ನಾನು ತಿಂಗಳಿಗೆ ಎರಡು ಸಲವಾದರೂ ಹೋಗುತ್ತೇನೆ. ಅವರ ಊರು ರಸ್ತೆಯಿಂದ ಮೂರು ಮೈಲಿ. ಈ ಸಲ ಹೋಗಿಬರೋಣ, ಮುಂದಿನ ಸಲ ಹೋಗಿಬರೋಣ... ಎರಡು ವರ್ಷ ಹೀಗೇ ಆಯಿತು. ಒಂದು ದಿನ ಅಲ್ಲಿನ ಬೇಕರಿಯ ಫ್ರೀಜರ್ ಬಿಚ್ಚುತ್ತಿದ್ದಾಗ, ಅದೇ ಊರಿನವರಾದ ಬೇಕರಿಯವರು ಅಯ್ನೋರು ತೀರಿಕೊಂಡು ಆರು ತಿಂಗಳಾಯಿತು ಎಂದರು. ನಾನು ಫ್ರೀಜರಿನ ಕೆಲಸ ಮುಗಿಸಿ ಬಂದೆ.

ಈಗ ಕೂತು ನೋಡಿದರೆ, ಅವತ್ತು ಬೇಕಿದ್ದದ್ದು ಒಂದು ವಾಕ್ಯ. "ಹಿಂದೆ ಗಾಳಿ ಕಟ್ಟಿತ್ತು ಸರ್, ಬಿಡಿಸಿದೀನಿ." ಅದು ಸುಳ್ಳೂ ಅಲ್ಲ. ನನ್ನ ಹೆಸರೂ ಉಳಿಯುತ್ತಿತ್ತು, ಅವರ ಕೆಲಸವೂ. ಆದರೆ ನನಗೆ ಹೆಸರು ಉಳಿದರೆ ಸಾಲದಾಗಿತ್ತು, ನಾನು ಗೆದ್ದದ್ದು ಯಜಮಾನರಿಗೆ ಕಾಣಬೇಕಿತ್ತು. ನನ್ನನ್ನು ಇಂಜಿನಿಯರ್ರೇ ಎಂದು ಕರೆದ ಒಬ್ಬರೇ ಒಬ್ಬರನ್ನು ಅದಕ್ಕೆ ಖರ್ಚು ಮಾಡಿದೆ.

ಬೇಕರಿಯಲ್ಲಿ ಆ ಸುದ್ದಿ ಕೇಳಿದಂದಿನಿಂದ ನನ್ನ ಕೆಲಸದ ರೀತಿ ಬದಲಾಯಿತು. ಯಾರೇ ಫೋನ್ ಮಾಡಲಿ, ನಾನು ಬರುವ ತನಕ ಏನನ್ನೂ ಎತ್ತಿಡಬೇಡಿ, ಕಸವನ್ನೂ ಹೊಡೆಯಬೇಡಿ ಎನ್ನುತ್ತೇನೆ. ಕಾರಣ ಮನೆಯವರದ್ದೇ ಎಂದು ಕಂಡರೆ ಸುಮ್ಮನೆ ಅದನ್ನು ಸರಿಸಿ, ಸಂಬಂಧಪಟ್ಟವರಿಗೆ ಮಾತ್ರ ಹೇಳಿ ಬರುತ್ತೇನೆ. ಇದರಿಂದ ಅಯ್ನೋರಿಗೆ ಆಗುವ ಉಪಯೋಗ ಏನೂ ಇಲ್ಲ.

ಈಗ ನನಗೆ ದುರ್ಗದಲ್ಲಿ ಒಂದು ಅಂಗಡಿ ಇದೆ. ಒಂದು ವ್ಯಾನು, ಎರಡು ವ್ಯಾಕ್ಯೂಮ್ ಪಂಪು, ಮೂರು ಜನ ಕೆಲಸದವರು. ನಾಲ್ಕು ಊರು ಸೇರಿ ಅರವತ್ತೆರಡು ಯಂತ್ರಗಳನ್ನು ವರ್ಷಪೂರ್ತಿ ನೋಡಿಕೊಳ್ಳುವ ಜವಾಬ್ದಾರಿ ಇದೆ. ಆ ತೋಟದ ಮನೆಯದೂ ಅದರಲ್ಲಿ ಒಂದು.